ಕಡಲ ಹೂವಿಗೆ ಒಂದು ಹಿಡಿ ಉಪ್ಪು

ನಿಮ್ಮ ಅಜ್ಜ ಏನು ಕೆಲಸ ಮಾಡುತ್ತಿದ್ದರು ಎಂದು ನೀವು ಕೇಳಿದಾಗಲೆಲ್ಲ ನಾನು "ಕಾಲೇಜಿನಲ್ಲಿದ್ದರು" ಎಂದಷ್ಟೇ ಹೇಳಿ ಒಳಗೆ ಹೋಗಿದ್ದೇನೆ. ಅದು ಸುಳ್ಳಲ್ಲ. ಆದರೆ ಕೇಳಿದವರು ಅವರು ಪಾಠ ಹೇಳುತ್ತಿದ್ದರು ಎಂದು ತಿಳಿಯುತ್ತಾರೆ. ಅವರು ಧಾರವಾಡದ ಒಂದು ಕಾಲೇಜಿನ ಪ್ರಾಣಿಶಾಸ್ತ್ರದ ಪ್ರಯೋಗಶಾಲೆಯಲ್ಲಿ ಸಹಾಯಕರಾಗಿದ್ದರು. ಕಪ್ಪೆ ಹಿಡಿದು ತರುವುದು, ಬಾಟಲಿ ತೊಳೆಯುವುದು, ಸತ್ತ ಪ್ರಾಣಿ ಕೆಡದಂತೆ ಇಡುವ ಫಾರ್ಮಾಲಿನ್ ಬದಲಿಸುವುದು, ಚೀಟಿ ಅಂಟಿಸುವುದು ಅವರ ಕೆಲಸ. ಸಂಜೆ ಮನೆಗೆ ಬಂದರೆ ಅಂಗಿಯೆಲ್ಲ ಅದೇ ವಾಸನೆ. ಅತ್ತೆ ಆ ಅಂಗಿಗೆ ಬೇರೆಯೇ ಗೂಟ ಹೊಡೆಸಿದ್ದರು.

ನಾನು ಅಮ್ಮಿನಬಾವಿಯ ಸಾಲೆಯಲ್ಲಿ ಕಲಿತವಳು. ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಮುಗಿಸಿ ಒಂದೆರಡು ವರ್ಷ ಮನೆಯಲ್ಲಿದ್ದು, ಮದುವೆಯಾಗಿ ಧಾರವಾಡಕ್ಕೆ ಬಂದಾಗ ಐವತ್ತರ ದಶಕ ಮುಗಿಯುತ್ತ ಬಂದಿತ್ತು. ಎರಡು ಖೋಲಿಯ ಬಾಡಿಗೆ ಮನೆ. ಹಿತ್ತಲಲ್ಲಿ ಬಚ್ಚಲು, ಬಚ್ಚಲ ನೀರು ಹರಿಯುವಲ್ಲಿ ನಾಲ್ಕು ಬಾಳೆ. ಮನೆಯಲ್ಲಿ ನಾವಿಬ್ಬರು ಮತ್ತು ಅತ್ತೆ. ಹಿರಿಯರ ಮುಂದೆ ಗಂಡ ಹೆಂಡತಿ ಮಾತಾಡುವ ರೂಢಿ ನಮ್ಮಲ್ಲಿ ಆಗ ಇರಲಿಲ್ಲ. "ಚಹಾ ಆಗೇದ" ಎಂದು ನಾನು ಬಾಗಿಲ ಚೌಕಟ್ಟಿಗೆ ಹೇಳುತ್ತಿದ್ದೆ. ಅವರು "ಹೂಂ" ಎಂದು ಕಪ್ಪಿನ ಕೆಳಗಿನ ಬಸಿಗೆ ಹೇಳುತ್ತಿದ್ದರು. ನಾನು ಮೊದಲೇ ಸಂಕೋಚದವಳು. ನಿಮ್ಮ ಅಪ್ಪ ಹುಟ್ಟಿದ ಮೇಲೂ ಅವರ ಜೊತೆ ಹಗಲು ಹೊತ್ತಿನಲ್ಲಿ ಹತ್ತು ಮಾತು ಒಟ್ಟಿಗೆ ಆಡಿದ ನೆನಪಿಲ್ಲ.

ಮಾತು ಶುರುವಾದದ್ದು ಒಂದು ಭರಣಿಯಿಂದ.

ಆಗ ಅರವತ್ತರ ದಶಕ ಮೊದಲಾಗಿತ್ತು, ನಿಮ್ಮ ಅಪ್ಪನಿಗೆ ಒಂದು ವರ್ಷ ಆಗಿತ್ತು. ಬೇಸಗೆ ಸೂಟಿಗೆ ಮುಂಚೆ ಕಾಲೇಜಿನ ಹುಡುಗರನ್ನು ಕರೆದುಕೊಂಡು ಅವರ ಸರ್ ಕಾರವಾರಕ್ಕೆ ಹೋದರು. ಜೊತೆಗೆ ಇವರೂ ಹೋದರು. ತಿರುಗಿ ಬಂದಾಗ ಒದ್ದೆ ಗೋಣಿತಟ್ಟು ಸುತ್ತಿದ ದೊಡ್ಡ ಗಾಜಿನ ಭರಣಿಯನ್ನು ಕೂಸಿನಂತೆ ಎದೆಗೆ ಹಿಡಿದುಕೊಂಡಿದ್ದರು. ಘಟ್ಟದ ದಾರಿಯುದ್ದಕ್ಕೂ ಅದನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕೂತು ಬಂದಿದ್ದರಂತೆ. ಇನ್ನೊಂದು ದೊಡ್ಡ ಸೀಸೆಯಲ್ಲಿ ಬರೀ ಸಮುದ್ರದ ನೀರು. ಭರಣಿಯೊಳಗೆ ಅಂಗೈಯಗಲದ ಕರಿಕಲ್ಲು, ಅದರ ಮೇಲೆ ಹಣ್ಣಾದ ನೇರಳೆಯ ಬಣ್ಣದ ಮೂರು ಗುಂಡುಗಳು. ಜಿಬಜಿಬ ಹೊಳೆಯುತ್ತಿದ್ದವು.

ಅತ್ತೆ ಬಗ್ಗಿ ನೋಡಿದರು. "ಏನೋ ಇದು?"

"ಕಡಲ ಹೂವು ಅವ್ವಾ. ಪ್ರಾಣಿ. ಹೂವಿನ್ಹಂಗ ಅರಳತದ."

"ಹೂವಂತೀ, ಪ್ರಾಣಿ ಅಂತೀ. ದೇವರ ಮುಂದ ಇಡಬೇಕೋ ಹಿತ್ತಲಾಗ ಇಡಬೇಕೋ, ಅದನ್ನರ ಹೇಳು."

"ತಂಪಿದ್ದಲ್ಲೆ ಇಡಬೇಕು."

ಮನೆಯಲ್ಲಿ ತಂಪಾದ ಜಾಗ ಒಂದೇ, ಕುಡಿಯುವ ನೀರಿನ ಕೊಡಗಳನ್ನು ಇಡುವ ಕಟ್ಟೆ. ಅದರ ತುದಿಗೆ ಭರಣಿ ಕೂತಿತು. ಸೀಸೆಯನ್ನು ಕೆಳಗೆ ಇಟ್ಟರು.

ಅದನ್ನು ಮನೆಗೆ ತಂದದ್ದೇಕೆ ಎಂದರೆ, ಸೂಟಿಯಲ್ಲಿ ಪ್ರಯೋಗಶಾಲೆಗೆ ಬೀಗ. ಕಾಲೇಜಿನಲ್ಲಿ ಕಡಲ ಹೂವಿನ ಬಾಟಲಿಗಳು ಇದ್ದವಂತೆ, ಆದರೆ ಒಂದೂ ಅರಳಿದ್ದಿಲ್ಲ. ಮುಟ್ಟಿದರೆ, ಅಲುಗಿಸಿದರೆ, ಔಷಧ ತಾಗಿದರೆ ಅದು ತನ್ನ ಎಳೆಗಳನ್ನೆಲ್ಲ ಒಳಗೆ ಎಳೆದುಕೊಂಡು ಬಾಯಿ ಮುಚ್ಚಿಬಿಡುತ್ತದೆ. ಹಾಗೇ ಸತ್ತರೆ ನೆನೆದ ಅಡಿಕೆಯಂತೆ ಕಾಣುತ್ತದೆ. ಅದು ಪೂರ್ತಿ ಅರಳಿದಾಗ ಉಸಿರು ಬಿಗಿಹಿಡಿದು ನೀರಿನ ಮೇಲೆ ಮೆಂಥಾಲಿನ ಹರಳು ತೇಲಿಬಿಡಬೇಕು. ಅದು ಅರಳಿದ್ದ ಹಾಗೆಯೇ ನಿದ್ದೆ ಹೋಗಬೇಕು, ಆಮೇಲೆ ಫಾರ್ಮಾಲಿನ್. ಆ ಕೈಚಳಕ ಇವರಿಗೆ ಗೊತ್ತಿತ್ತು. ಸೂಟಿ ಮುಗಿಯುವುದರೊಳಗೆ ಒಂದು ಅರಳಿದ ಬಾಟಲಿ ಮಾಡಿಕೊಡುತ್ತೇನೆ ಎಂದು ಸರ್‌ಗೆ ಮಾತು ಕೊಟ್ಟಿದ್ದರು.

ಮರುದಿನ ಬೆಳಿಗ್ಗೆ ನಾನು ನೀರು ತುಂಬಲು ಹೋದಾಗ ದೊಡ್ಡದು ಅರಳಿತ್ತು. ಗುಂಡು ಎದ್ದು ಗಿಡ್ಡ ಕಂಬದಂತಾಗಿತ್ತು. ಅದರ ತಲೆಯ ಸುತ್ತ ನೂರಾರು ಎಳೆಗಳು ಸಾಲುಸಾಲಾಗಿ ಚಾಚಿದ್ದವು, ನಡುವೆ ಸಣ್ಣ ಬಾಯಿ. ಎಳೆಗಳ ಬುಡದಲ್ಲಿ ನೀಲಿ ಮಣಿಗಳ ಸರ. ಕೊಡ ಕೆಳಗಿಡುವುದನ್ನು ಮರೆತು ನಿಂತೆ. ಹಿಂದಿನಿಂದ ಅವರ ದನಿ ಬಂತು. "ಬೆರಳು ಇಡು. ಏನೂ ಮಾಡೂದಿಲ್ಲ."

ಇಟ್ಟೆ. ಎಳೆಗಳು ಬೆರಳಿಗೆ ಬೆಲ್ಲದ ಪಾಕದಂತೆ ಅಂಟಿ ಮೆಲ್ಲಗೆ ಜಗ್ಗಿದವು. ಅವು ಕಣ್ಣಿಗೆ ಕಾಣದ ಮುಳ್ಳುಗಳು, ಸಣ್ಣ ಸೀಗಡಿಯಾಗಿದ್ದರೆ ಇಷ್ಟೊತ್ತಿಗೆ ಸತ್ತಿರುತ್ತಿತ್ತು ಎಂದರು.

"ಬಿಡವಲ್ತರಿ," ಎಂದೆ.

"ನಿನ್ನ ಗುರ್ತು ಹಿಡಕೊಳ್ಳಿಕ್ಕತ್ತದ."

ಇಬ್ಬರೂ ನಕ್ಕೆವು. ಅತ್ತೆ ಒಳಗಿನಿಂದ ಕೆಮ್ಮಿದರು. ಅಷ್ಟಕ್ಕೇ ಬಿಟ್ಟರು. ಪ್ರಾಣಿಯ ವಿಷಯ ಕೆಲಸದ ವಿಷಯವಲ್ಲವೇ? ಅಂದಿನಿಂದ ಆ ಕಟ್ಟೆಯ ಹತ್ತಿರ ನಿಂತು ಮಾತಾಡಲು ನಮಗೊಂದು ನೆಪ ಸಿಕ್ಕಿತು.

ನಾನು ಮಾಡಿದ ತಪ್ಪುಗಳು ಒಂದೆರಡಲ್ಲ. ಅದಕ್ಕೆ ಹಸಿವಾಗಿರಬೇಕೆಂದು ಅನ್ನದ ಅಗಳು ಹಾಕಿದೆ. ಎಳೆಗಳು ಅದನ್ನು ಹಿಡಿದು ಬಾಯಿಗೆ ಒಯ್ದವು, ಬಾಯಿ ಮುಚ್ಚಿತು. ನನಗೆ ಹಿಗ್ಗು. ಸಂಜೆಗೆ ನೋಡಿದರೆ ಅಗಳನ್ನು ಲೋಳೆಯಲ್ಲಿ ಸುತ್ತಿ, ತಿಂದ ಬಾಯಿಯಿಂದಲೇ ಹೊರಗೆ ಹಾಕಿತ್ತು. ಕಣಕದ ಹಿಟ್ಟಿಗೆ ತುಪ್ಪ ಸವರಿ ಕೊಟ್ಟೆ. ಅದಕ್ಕೂ ಅದೇ ಗತಿ. "ನಿನ್ನ ಕೈಯಡಗಿ ಒಲ್ಲೆನಂತ," ಎಂದು ಅವರು ಎರಡು ದಿನ ಕಾಡಿಸಿದರು. ಅದಕ್ಕೆ ಬೇಕಾದದ್ದು ಮಾಂಸ. ನಮ್ಮ ಮನೆಯಲ್ಲಿ ಮೊಟ್ಟೆಯೂ ಬರುತ್ತಿರಲಿಲ್ಲ. ಅವರು ಬಾಳೆಯ ಬುಡದ ಹಸಿಮಣ್ಣು ಕೆದರಿ ಎರೆಹುಳ ತೆಗೆದು ತುಂಡು ಮಾಡಿ ಕೊಡುತ್ತಿದ್ದರು. ವಾರಕ್ಕೆ ಎರಡು ತುಂಡು ಸಾಕಾಗುತ್ತಿತ್ತು.

ನೀರು ಆರಿ ಕಡಿಮೆಯಾದಾಗ ನಾನು ಉಪ್ಪು ಕದಡಿದ ನೀರು ಹಾಕಲು ಹೋಗಿದ್ದೆ. ಅವರು ಓಡಿ ಬಂದು ಕೈ ಹಿಡಿದರು. ಅತ್ತೆಯ ಎದುರಿಗೇ. "ನೀರಷ್ಟ ಹೋಗತದ, ಉಪ್ಪು ಅಲ್ಲೇ ಉಳೀತದ. ಸಿಹಿನೀರು ಹಾಕಬೇಕು, ಇಲ್ಲಿತನಕ," ಎಂದು ಭರಣಿಗೆ ದಾರ ಕಟ್ಟಿ ಗುರುತು ಮಾಡಿದರು. ಬೆಳಿಗ್ಗೆ ಎದ್ದ ಕೂಡಲೆ ತಂಬಿಗೆಯಿಂದ ಆ ನೀರನ್ನು ತೆಗೆದು ಎತ್ತರದಿಂದ ಬಿಡಬೇಕು, ಹಾಲು ಆರಿಸಿದ ಹಾಗೆ. ನೀರಿಗೆ ಗಾಳಿ ಸೇರಬೇಕಲ್ಲ. ಆ ಕೆಲಸ ನನ್ನದಾಯಿತು.

ಕಲ್ಲಿಗೆ ಅಂಟಿಕೊಂಡಿದೆ, ನಡೆಯಲಾರದು ಎಂದು ತಿಳಿದಿದ್ದೆ. ಅದು ನಡೆಯುತ್ತಿತ್ತು. ಬುಡವನ್ನು ಜಾರಿಸುತ್ತ ದಿನಕ್ಕೆ ಒಂದು ಬೆರಳಗಲ ಹೋಗುತ್ತಿತ್ತು. ಒಮ್ಮೆ ನಡುವಿನದು ದೊಡ್ಡದರ ಹತ್ತಿರ ಬಂತು. ಎಳೆಗೆ ಎಳೆ ತಾಗಿತು. ಆಗ ದೊಡ್ಡದು ತನ್ನ ನೀಲಿ ಮಣಿಗಳನ್ನು ಉಬ್ಬಿಸಿ, ಬಗ್ಗಿ ಅದರ ಮೈಗೆ ಒತ್ತಿತು. ಒತ್ತಿದಲ್ಲಿ ಬಿಳಿ ಕಲೆ ಬಿತ್ತು. ಏಟು ತಿಂದದ್ದು ಮುದುಡಿಕೊಂಡು ಎರಡು ದಿನದಲ್ಲಿ ಕಲ್ಲಿನ ಆಚೆ ಮಗ್ಗುಲಿಗೆ ಹೋಯಿತು. ಅಷ್ಟೊತ್ತಿಗೆ ಅತ್ತೆಯೂ ದಿನಾ ನೋಡುತ್ತಿದ್ದರು. "ಒಂದು ಕಲ್ಲಿನ ಮ್ಯಾಲೆ ಇಬ್ಬರು ಓರಗಿತ್ತೇರು. ಬ್ಯಾರೆ ಆದ್ರು, ಬಿಡು. ಇನ್ನ ಸುಖಾ ಇರ್ತಾರ," ಎಂದರು.

ಮೇ ತಿಂಗಳ ಮೊದಲಿಗೆ ನಿಮ್ಮ ಅಜ್ಜನ ಕಣ್ಣು ಹಳದಿಯಾದವು. ಕಾಮಾಲೆ. ಹಳ್ಳಿಯಿಂದ ಬೇರಿನ ಔಷಧ ತಂದು ಮಜ್ಜಿಗೆಯಲ್ಲಿ ಕೊಟ್ಟೆವು, ಪಥ್ಯ ಮಾಡಿದೆವು. ಇಳಿಯಲಿಲ್ಲ. ಹುಬ್ಬಳ್ಳಿಯ ದವಾಖಾನೆಗೆ ಸೇರಿಸಿದೆವು. ನಾನು ದಿನ ಬಿಟ್ಟು ದಿನ ಗಂಜಿ ಕಟ್ಟಿಕೊಂಡು ಬಸ್ಸಿಗೆ ಹೋಗುತ್ತಿದ್ದೆ. ಅಲ್ಲಿ ನಮ್ಮ ಪೈಕಿ ಯಾರೂ ಇರಲಿಲ್ಲ, ಹಗಲಿನಲ್ಲಿ ಅವರ ಮಗ್ಗುಲಿಗೆ ಕೂತು ಮಾತಾಡಬಹುದಾಗಿತ್ತು. ಅವರು ಮೊದಲು ಕೇಳುತ್ತಿದ್ದದ್ದು "ಕೂಸು ಹೆಂಗದ?" ಎರಡನೆಯದು "ಅದು ಅರಳೇದೇನು?"

ಎರೆಹುಳದ ಕೆಲಸ ಈಗ ನನ್ನ ಪಾಲಿಗೆ ಬಂದಿತ್ತು. ಮೊದಲ ದಿನ ಕಣ್ಣು ಮುಚ್ಚಿಕೊಂಡು ಕತ್ತರಿಸಿದೆ, ಬೆರಳು ಕೊಯ್ದುಕೊಂಡೆ. ಅತ್ತೆ ಆಕಡೆ ಮುಖ ತಿರುಗಿಸಿ ನಿಂತು, "ಅಂವ ಬರೂತನಕ ನಡಸು. ದೇವರು ನೋಡತಾನ, ನಾ ನೋಡೂದಿಲ್ಲ," ಎಂದರು.

ಒಂದು ಬೆಳಿಗ್ಗೆ ದೊಡ್ಡದು ಬಾಯಿ ಅಗಲ ಮಾಡಿ ಏನನ್ನೋ ಕಾರುತ್ತಿತ್ತು. ಕೆಂಪು ಮಣಿಯಂಥವು, ಒಂದರ ಹಿಂದೆ ಒಂದು. ಕರುಳು ಹೊರಬಂತು, ಇದು ಸತ್ತೇ ಹೋಗುತ್ತದೆ, ಅವರಿಗೆ ಏನು ಹೇಳಲಿ ಎಂದು ಬಸ್ಸಿನಲ್ಲಿ ಅಳುತ್ತ ಹೋದೆ. ಹೇಳಿದಾಗ ಅವರು ದಿಂಬಿನಿಂದ ತಲೆ ಎತ್ತಿದರು.

"ಎಷ್ಟು ಅವ?"

"ಏಳು ಕಂಡವರಿ."

"ಹುಚ್ಚೀ, ಅವು ಮರಿ. ಅದು ಹೊಟ್ಟ್ಯಾಗ ಮರಿ ಇಟಕೊಂಡು ಬೆಳಸತದ. ದೊಡ್ಡವಾದ ಮ್ಯಾಲೆ ಬಾಯಿಲೆ ಬಿಡತದ. ಹೋಗಿ ನೋಡು, ಒಂದೊಂದಕ್ಕೂ ಸಣ್ಣ ಸಣ್ಣ ಎಳಿ ಇರ್ತಾವ."

ನಿಜವೇ. ಎಳ್ಳಿನಷ್ಟು ಬುಡ, ಕೂದಲಿನಂಥ ಎಳೆ. ಏಳೂ ಗಾಜಿಗೆ ಅಂಟಿ ಅರಳಿದ್ದವು.

ಮುಂದಿನ ಸಲ ಹೋದಾಗ ಅವರು ಬಹಳ ಸೋತಿದ್ದರು. ಮೆಲ್ಲಗೆ ಹೇಳಿದರು. "ಅವನ್ನ ಔಷಧಕ್ಕ ಹಾಕೂದು ಬ್ಯಾಡ. ಸರ್‌ಗೆ ನಾ ಹೇಳ್ತೇನಿ. ನಾ ಎದ್ದಮ್ಯಾಲೆ ತಾಯಿ ಮರಿ ಎಲ್ಲಾ ತಿರುಗಿ ಕಾರವಾರಕ್ಕ ಒಯ್ದು ಬಿಡೋಣು. ನೀನೂ ಬಾ. ನೀ ಸಮುದ್ರ ನೋಡಿಲ್ಲ."

"ಅತ್ತಿಯವರು ಏನಂತಾರೋ."

"ಅವ್ವನ್ನೂ ಕರಕೊಂಡು ಹೋಗೋಣು. ಅಲ್ಲೀತನಕ ಅವನ್ನ ಸಾಯಗೊಡಬ್ಯಾಡ."

"ಇಲ್ಲರಿ," ಎಂದೆ. ನಾನು ಅವರಿಗೆ ಕೊಟ್ಟ ಮಾತು ಅದೊಂದೇ.

ಆ ತಿಂಗಳ ಕೊನೆಗೆ ಡಾಕ್ಟರರು ಮನೆಗೆ ಕರೆದುಕೊಂಡು ಹೋಗಿರಿ ಎಂದರು. ಹಾಗೆಂದರೆ ಏನು ಎಂದು ಅತ್ತೆಗೆ ತಿಳಿಯಿತು, ನನಗೆ ತಿಳಿಯಲಿಲ್ಲ. ನಾಲ್ಕು ದಿನ ಮನೆಯಲ್ಲಿದ್ದರು. ಅತ್ತೆಯೇ ಭರಣಿಯನ್ನು ತಂದು ಹಾಸಿಗೆಯ ಹತ್ತಿರ ಇಟ್ಟರು. ಅವರು ಅದರ ಕಡೆಗೇ ಹೊರಳಿ ಮಲಗುತ್ತಿದ್ದರು. ಮೂರನೆಯ ದಿನ ಮಾತು ನಿಂತಿತು. ಜೀವ ಹೋದದ್ದು ನಾಲ್ಕನೆಯ ದಿನ ಬೆಳಿಗ್ಗೆ, ನಾನು ತಂಬಿಗೆಯಿಂದ ನೀರು ಬಿಡುತ್ತಿದ್ದಾಗ. ಅತ್ತೆ ಕೂಗಿಕೊಂಡಾಗ ತಿರುಗಿ ನೋಡಿದೆ.

ಮಧ್ಯಾಹ್ನದೊಳಗೆ ಅವರನ್ನು ಒಯ್ದರು. ನನ್ನನ್ನು ಒಳಖೋಲಿಯ ಮೂಲೆಗೆ ಕೂರಿಸಿದ್ದರು. ಅತ್ತೆ ಅಲ್ಲೇ ನೆಲಕ್ಕೆ ಬಿದ್ದಿದ್ದರು. ಮಗ್ಗಲ ಮನೆಯ ಕಾಕು ಮತ್ತು ಓಣಿಯ ಇಬ್ಬರು ಹೆಂಗಸರು ಮನೆ ತೊಳೆಯಲು ನಿಂತರು. ಸಾವಾದ ಮನೆಯಲ್ಲಿ ತುಂಬಿಟ್ಟ ನೀರು ಇರಕೂಡದು, ಎಲ್ಲ ಚೆಲ್ಲಿ ಹೊಸ ನೀರು ತರಬೇಕು. ಇದು ಎಲ್ಲರಿಗೂ ಗೊತ್ತಿದ್ದದ್ದೇ, ನನಗೂ ಗೊತ್ತಿತ್ತು. ಆದರೆ ಕೊಡಗಳು ಒಂದೊಂದಾಗಿ ಹಿತ್ತಲಿಗೆ ಹೋಗುವ ಸಪ್ಪಳ ಕೇಳುತ್ತಿದ್ದರೂ ನನಗೆ ಹೊಳೆಯಲಿಲ್ಲ. ಕೆಳಗಿನ ಸೀಸೆ ಹೋಯಿತು. ಆಮೇಲೆ ಕಾಕು ಭರಣಿ ಎತ್ತಿದರು.

"ಇದರಾಗೇನೋ ಕಲ್ಲದ."

"ಏನರ ಇರಲಿ, ನೀರಿಲ್ಲೇನು? ಚೆಲ್ಲರಿ," ಎಂದು ಇನ್ನೊಬ್ಬರು ಹೇಳಿದರು.

ಕಾಕು ನನ್ನ ಎದುರಿಗೇ ಹಾದು ಹೋದರು. ಗಾಜಿನ ಮೇಲೆ ಆ ಏಳೂ ಕಾಣುತ್ತಿದ್ದವು. "ಕಾಕು" ಎನ್ನಬೇಕು, ಅಷ್ಟೇ. ಬಾಯಿ ತೆರೆದೆ. ಗಂಡನನ್ನು ಆಗತಾನೇ ಒಯ್ದಿದ್ದಾರೆ, ಇವಳು ಭರಣಿಯ ಚಿಂತೆ ಮಾಡುತ್ತಾಳೆ ಎನ್ನುತ್ತಾರಲ್ಲ ಎನಿಸಿತು. ಬಾಯಿ ಮುಚ್ಚಿದೆ. ನೀರು ಬಿದ್ದ ಸಪ್ಪಳ ಕೇಳಿಸಿತು. ಕಾಕು ಒಳ್ಳೆಯವರು. ಭರಣಿಯನ್ನು ಎರಡು ಸಲ ತೊಳೆದು ಬೋರಲು ಹಾಕಿದರು.

ಮರುದಿನ ಬೆಳಿಗ್ಗೆ ನನ್ನನ್ನು ಸ್ನಾನಕ್ಕೆ ಹಿತ್ತಲಿಗೆ ಕರೆದುಕೊಂಡು ಹೋದರು. ಬಾಳೆಯ ನೆರಳಿನಲ್ಲಿ, ಹಸಿ ಮಣ್ಣಿನ ಮೇಲೆ ಆ ಕರಿಕಲ್ಲು ಬಿದ್ದಿತ್ತು. ಮರಿಗಳು ಎಲ್ಲಿಯೂ ಇರಲಿಲ್ಲ. ಮೂರೂ ಬಾಯಿ ಮುಚ್ಚಿ ಗುಂಡಾಗಿದ್ದವು. ಸೀರೆ ಸರಿಮಾಡಿಕೊಳ್ಳುವವಳಂತೆ ಬಗ್ಗಿ ಮುಟ್ಟಿದೆ. ಎರಡು ಮೆತ್ತಗಾಗಿದ್ದವು. ದೊಡ್ಡದು ಬೆರಳಿನಡಿ ಬಿಗಿಯಾಯಿತು. ನಡುವಿನಿಂದ ಒಂದು ಹನಿ ನೀರು ಬಂತು.

ಅದು ಬದುಕಿತ್ತು. ಸಮುದ್ರ ಹಿಂದೆ ಸರಿದಾಗ ಅವು ಹೀಗೇ ಹೊಟ್ಟೆಯಲ್ಲಿ ಒಂದಿಷ್ಟು ನೀರು ಹಿಡಿದು, ಬಾಯಿ ಮುಚ್ಚಿ, ಮತ್ತೆ ನೀರು ಬರುವ ತನಕ ಬಂಡೆಯ ಮೇಲೆ ಕಾಯುತ್ತವೆ ಎಂದು ಅವರು ಹೇಳಿದ್ದರು. ಇದು ಒಂದು ಮಧ್ಯಾಹ್ನ, ಒಂದು ರಾತ್ರಿ ಕಾದಿತ್ತು.

ಸಮುದ್ರದ ನೀರು ಒಂದು ಹನಿಯೂ ಉಳಿದಿರಲಿಲ್ಲ. ಆದರೆ ಉಪ್ಪು ಇದೆಯಲ್ಲ, ದಿನಾ ನೀರು ಬಿಡುವಾಗ ಬೆರಳು ನೆಕ್ಕಿ ನೋಡಿದ್ದ ಆ ನೀರಿನ ರುಚಿ ನನ್ನ ನಾಲಿಗೆಗೆ ಗೊತ್ತಿದೆಯಲ್ಲ. ಅಷ್ಟು ಉಪ್ಪಾಗುವ ಹಾಗೆ ಕದಡಿದರೆ ಒಂದೆರಡು ದಿನವಾದರೂ ಉಳಿದೀತು, ಅಷ್ಟರೊಳಗೆ ಸರ್‌ಗೆ ಹೇಳಿ ಕಳಿಸಬಹುದು. ಅಡಿಗೆಮನೆಗೆ ನಾನು ಹೋಗುವಂತಿರಲಿಲ್ಲ. ನೀರು ಹಾಕುತ್ತಿದ್ದ ಕಾಕುವಿಗೆ ಹೇಳಿದೆ. ನಿಮ್ಮ ಅಜ್ಜ ಹೋದ ಮೇಲೆ ನಾನು ಆಡಿದ ಮೊದಲ ಮಾತು ಅದು.

"ಕಾಕು, ಒಂದು ಹಿಡಿ ಉಪ್ಪು ಬೇಕಾಗಿತ್ತರಿ."

ಕಾಕುವಿನ ಕೈಯಲ್ಲಿದ್ದ ತಂಬಿಗೆ ನಿಂತಿತು. ಸೂತಕದ ಹತ್ತು ದಿನ ನಮ್ಮಲ್ಲಿ ಉಪ್ಪಿಲ್ಲದ ಊಟ. ಉಪ್ಪು ತಿಂದರೆ ಹೋದ ಜೀವಕ್ಕೆ ನೀರಡಿಕೆಯಾಗುತ್ತದೆ ಎಂದು ಹಿರಿಯರು ಹೇಳುತ್ತಿದ್ದರು. ಕೇಳಿದ ಮೇಲೇ ನನಗೆ ಅದು ನೆನಪಾದದ್ದು.

"ಇವತ್ತಿಗೆ ಎರಡನೇ ದಿನ," ಎಂದು ಹಿಂದಿದ್ದ ಹೆಂಗಸು ಹೇಳಿದರು. "ಬಾಯಿಗೆ ಇಷ್ಟೂ ತಡಿ ಇಲ್ಲಂದ್ರ."

"ಸುಮ್ಮನಿರ್ರಿ, ಸಣ್ಣಾಕಿ ಇನ್ನೂ," ಎಂದರು ಕಾಕು. ನನಗೆ, "ಹಂಗೆಲ್ಲ ಕೇಳಬಾರದವಾ. ಹತ್ತು ದಿನ ಹೆಂಗರ ತಡಕೋ," ಎಂದರು.

ಊಟಕ್ಕಲ್ಲ, ಈ ಕಲ್ಲಿಗೆ, ಇದರಲ್ಲಿ ಜೀವ ಇದೆ ಎಂದು ಹೇಳಬೇಕಾಗಿತ್ತು. ನಾಚಿಕೆಯಿಂದ ನನ್ನ ಮೈ ಕುಗ್ಗಿತು. ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಒಳಗೆ ಬಂದೆ. ಹೊರಗಿನ ಮಾತನ್ನು ಅತ್ತೆ ಕೇಳಿದ್ದರು.

ಮಧ್ಯಾಹ್ನ ಎಲೆಯಲ್ಲಿ ಅನ್ನ, ಸಪ್ಪೆ ತೊವ್ವೆ ಬಂತು. ಬೇರೆಯವರು ಆಕಡೆ ಹೋದಾಗ ಅತ್ತೆ ನನ್ನ ಮುಂದೆ ಬಂದು ಕೂತರು. ಸೆರಗಿನ ಗಂಟು ಬಿಚ್ಚಿದರು. ಅದರಲ್ಲಿ ಉಪ್ಪು. ಮಗನನ್ನು ಹಿಂದಿನ ದಿನ ಕಳೆದುಕೊಂಡ ಕೈಯಿಂದ ಅದನ್ನು ನನ್ನ ಅನ್ನಕ್ಕೆ ಹಾಕಿ ತಾವೇ ಕಲಸಿದರು.

"ಉಣ್ಣು. ಕೂಸಿಗೆ ಹಾಲು ಕುಡಸೂ ಹೊಟ್ಟಿ. ಪಾಪ ಬಂದ್ರ ನನಗ ಬರಲಿ."

ಸೆರಗಿನಲ್ಲಿ ಉಳಿದ ಉಪ್ಪು ಕಣ್ಣ ಮುಂದೆಯೇ ಇತ್ತು. ಇದನ್ನು ಒಂದು ತಂಬಿಗೆ ನೀರಿಗೆ ಹಾಕಿ ಕೊಡಿರಿ ಎಂದರೆ ಅವರು ಕೊಡುತ್ತಿದ್ದರು. ಆ ಕಡಲ ಹೂವನ್ನು ದಿನಾ ನೋಡುತ್ತಿದ್ದವರು, ಮಗನ ಹಾಸಿಗೆಯ ಹತ್ತಿರ ತಂದಿಟ್ಟವರು ಅವರೇ ಅಲ್ಲವೇ? ಆದರೆ ನನಗಾಗಿ ದೇವರ ಎದುರು ಅಷ್ಟು ದೊಡ್ಡ ಮಾತು ಆಡಿದವರಿಗೆ, ನಾನು ಕೇಳಿದ್ದು ಊಟಕ್ಕಲ್ಲ ಎಂದು ಹೇಳುವುದು ಹೇಗೆ? ತಲೆ ತಗ್ಗಿಸಿ ಉಂಡೆ. ಪೂರ್ತಿ ಉಂಡೆ. ಅವರು ಉಪ್ಪಿಲ್ಲದ್ದನ್ನೇ ಉಂಡರು. ಹತ್ತು ದಿನವೂ ಹೀಗೇ ನಡೆಯಿತು, ಯಾರಿಗೂ ಕಾಣದ ಹಾಗೆ.

ಸಂಜೆಯ ಹೊತ್ತಿಗೆ ಬಿಸಿಲು ಬಾಳೆಯ ಆಚೆಯಿಂದ ಬಂದು ಕಲ್ಲಿನ ಮೇಲೆ ಬಿದ್ದಿತ್ತು. ಮೂರನೆಯ ದಿನ ಮುಟ್ಟಿದಾಗ ದೊಡ್ಡದೂ ಮೆತ್ತಗಾಗಿತ್ತು. ನಾಲ್ಕನೆಯ ದಿನ ಇರುವೆ ಬಂದಿದ್ದವು. ಕರ್ಮಗಳೆಲ್ಲ ಮುಗಿದ ಮೇಲೆ ಸರ್ ಬಂದು ಅತ್ತೆಯ ಹತ್ತಿರ ಕೂತು ಹೋದರು. ಖಾಲಿ ಭರಣಿಯನ್ನು ನೋಡಿದರು. ಅತ್ತೆಯೇ ಅದನ್ನು ಅವರ ಕೈಗೆ ಕೊಟ್ಟು, "ಗದ್ದಲದಾಗ ಯಾರಿಗೂ ಲಕ್ಷ್ಯ ಉಳೀಲಿಲ್ಲರಿ," ಎಂದರು.

ಇಷ್ಟು ವರ್ಷ ನಾನು ಯಾರಿಗೂ ಹೇಳದಿದ್ದದ್ದು ಇದಷ್ಟೇ ಅಲ್ಲ. ಇದರ ಮುಂದಿನದೂ. ಆ ವರ್ಷದಿಂದ ಅತ್ತೆ ಪ್ರತಿ ಅಮಾವಾಸ್ಯೆಗೆ ಉಪ್ಪು ಬಿಟ್ಟರು. ಸೊಸೆಗೆ ಸೂತಕದಲ್ಲಿ ಉಪ್ಪು ಉಣಿಸಿದ್ದೇನೆ, ಮಗ ಅಲ್ಲಿ ನೀರಡಿಸಿದ್ದಾನೋ ಏನೋ ಎಂಬ ಭಯ ಅವರಿಗೆ. ಅವರು ಮತ್ತೆ ಹತ್ತೊಂಬತ್ತು ವರ್ಷ ಬದುಕಿದರು. ತಿಂಗಳಿಗೊಮ್ಮೆ ಉಪ್ಪು ಹಾಕುವ ಮೊದಲು ಅವರ ಪಾಲಿನ ಸಾರನ್ನು ಬೇರೆ ತೆಗೆದಿಟ್ಟು ಬಡಿಸುತ್ತಿದ್ದವಳು ನಾನೇ. ಪ್ರತಿ ಸಲವೂ ಇವತ್ತು ಹೇಳಿಬಿಡುತ್ತೇನೆ ಎಂದುಕೊಳ್ಳುತ್ತಿದ್ದೆ. ನಾನು ಅದನ್ನು ಬಯಸಿ ಕೇಳಿದ್ದೇ ಅಲ್ಲ ಎಂದು ತಿಳಿದರೆ ಅವರಿಗೆ ಹಗುರಾಗುತ್ತದೆಯೋ, ಸುಮ್ಮನೆ ಪಾಪ ಕಟ್ಟಿಕೊಂಡೆನಲ್ಲ ಎಂದು ಇನ್ನಷ್ಟು ಭಾರವಾಗುತ್ತದೆಯೋ ತಿಳಿಯಲಿಲ್ಲ. ಎಲೆ ಹಾಕಿ ಹಿಂದೆ ಸರಿಯುತ್ತಿದ್ದೆ.

ಕೊನೆಗಾಲದಲ್ಲಿ, ಹಾಸಿಗೆ ಹಿಡಿದಾಗ, ಒಂದು ದಿನ ಅವರೇ ಕೇಳಿದರು. "ನೀ ಅವತ್ತು ಉಪ್ಪು ಕೇಳಿದ್ದು ಬಾಯಿಚಪಲಕ್ಕ ಅಲ್ಲ. ಕೂಸಿನ ಸಲುವಾಗಿ ಕೇಳಿದ್ದಿ. ಹೌದಿಲ್ಲೋ?"

ಅವರ ಕೈ ನನ್ನ ಕೈಯಲ್ಲಿತ್ತು. "ಹೌದ್ರಿ," ಎಂದೆ.